ಅಪ್ಪಟ ಬೈಪಾಸಿನ ಮೋಹ

ಅಂಗಡಿಯೊಂದರ ಹಲಗೆಯ ಮೇಲೆ ‘ಅಪ್ಪಟ ತುಪ್ಪ’ ಎಂದು ಬರೆದಿರುವುದನ್ನು ಕಂಡಾಗ, ಆ ತುಪ್ಪದ ವಿಷಯದಲ್ಲಿ ನಮಗೆ ವಿಶ್ವಾಸ ಹುಟ್ಟುವುದೋ ಇಲ್ಲವೋ, ಪಕ್ಕದ ಅಂಗಡಿಯಲ್ಲಿ ಯಾವ ವಿಶೇಷಣದ ಆಸರೆಯೂ ಇಲ್ಲದೆ ಡಬ್ಬದಲ್ಲಿ ಕುಳಿತಿರುವ ಬರಿಯ ತುಪ್ಪದ ವಿಷಯದಲ್ಲಿ ಮಾತ್ರ ಸಂಶಯವೊಂದು ಹುಟ್ಟಿಯೇ ಹುಟ್ಟುತ್ತದೆ. ವಿಶೇಷಣಗಳ ಮಹಿಮೆ ಅಂಥದು. ಅವು ತಾವು ಅಂಟಿಕೊಂಡ ವಸ್ತುವನ್ನು ಹೊಗಳುವುದಕ್ಕಿಂತ ಹೆಚ್ಚಾಗಿ ತಾವು ಅಂಟಿಕೊಳ್ಳದೆ ಬಿಟ್ಟ ವಸ್ತುವನ್ನು ನಿಂದಿಸುತ್ತವೆ. ವಿದ್ಯುತ್ ಗಿಟಾರನ್ನು ನುಡಿಸತಕ್ಕವರ ಲೋಕದಲ್ಲಿ ಕೆಲವು ದಶಕಗಳಿಂದ ಇಂಥದೇ ಒಂದು ವಿಶೇಷಣ ಆಳ್ವಿಕೆ ನಡೆಸುತ್ತಿದೆ: ‘ಟ್ರೂ ಬೈಪಾಸ್’, ಎಂದರೆ ಅಪ್ಪಟ ಬೈಪಾಸ್. ಈ ಎರಡು ಪದಗಳು ಪೆಡಲಿನ ಡಬ್ಬದ ಮೇಲೆ ಅಚ್ಚಾಗಿದ್ದರೆ ಕೊಳ್ಳುವವನು ಜೇಬಿಗೆ ಕೈ ಹಾಕುತ್ತಾನೆ. ಇಲ್ಲದಿದ್ದರೆ ಮೂಗು ಮುರಿಯುತ್ತಾನೆ. ಈ ಮೋಹ ಅರೆ ತಿಳಿವಳಿಕೆಯಿಂದ ಹುಟ್ಟಿದ್ದೆಂಬುದು ನನ್ನ ಅಭಿಪ್ರಾಯ. ಅದರ ಕಾರಣಗಳನ್ನು ಸ್ವಲ್ಪ ಸಾವಕಾಶವಾಗಿಯೇ ಹೇಳಬೇಕಾಗಿದೆ.

ವಿಚಾರ ನನ್ನ ಮೇಜಿನ ಮೇಲೆ ಬಂದು ಬಿದ್ದದ್ದು ನನ್ನ ಅಕ್ಕನ ಮಗನ ದೆಸೆಯಿಂದ. ರೇಡಿಯೋಗಳನ್ನು ಬಿಚ್ಚಿ ಜೋಡಿಸುವ ಹವ್ಯಾಸ ನನಗೆ ಚಿಕ್ಕಂದಿನಿಂದಲೂ ಉಂಟಾದ್ದರಿಂದ, ಬೆಸುಗೆಯ ಕೆಲಸ ಬಿದ್ದಾಗಲೆಲ್ಲ ಅವನು ನನ್ನನ್ನು ಹುಡುಕಿಕೊಂಡು ಬರುವುದು ವಾಡಿಕೆ. ಆ ದಿನ ಅವನು ಚೀಲದಿಂದ ಎಂಟು ಪೆಡಲುಗಳನ್ನೂ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡು ತಂದ ಒಂಬತ್ತು ಕಾಲಿನ ನಾಲ್ಕು ಸ್ವಿಚ್ಚುಗಳನ್ನೂ ತೆಗೆದು ಮುಂದಿಟ್ಟು, “ಮಾವ, ಇದರಲ್ಲಿ ನಾಲ್ಕು ಟ್ರೂ ಬೈಪಾಸ್ ಅಲ್ಲ. ಒಳಗಿರೋದನ್ನ ಕಿತ್ತು ಈ ಸ್ವಿಚ್ ಹಾಕಿಕೊಡಿ” ಎಂದನು. ಅಲ್ಲದಿದ್ದರೆ ಏನಾಗುತ್ತದೆಂದು ಕೇಳಿದೆ. “ಟೋನ್ ಹೀರಿಬಿಡುತ್ತೆ” ಎಂದನು. ಯಾರು ಹೇಳಿದರೆಂದು ಕೇಳಿದೆ. “ಎಲ್ಲರೂ ಹೇಳ್ತಾರೆ” ಎಂದನು. ಎಲ್ಲರೂ ಹೇಳುವ ಮಾತಿನಲ್ಲಿ ಸತ್ಯವಿರುವುದುಂಟು. ಆದರೆ ಅದು ಯಾವ ಕಾಲದ ಸತ್ಯ, ಯಾವ ಪೆಟ್ಟಿಗೆಯ ಸತ್ಯ ಎಂಬುದನ್ನು ಮಾತ್ರ ಈ ‘ಎಲ್ಲರೂ’ ಎಂಬವರು ಹೇಳುವುದಿಲ್ಲ.

ಗಿಟಾರಿನ ಬಳಕೆಯಿಲ್ಲದ ಓದುಗರಿಗಾಗಿ ಎರಡು ಮಾತು. ವಿದ್ಯುತ್ ಗಿಟಾರಿನ ತಂತಿಗಳ ಅಡಿಯಲ್ಲಿ, ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ, ಪಿಕಪ್ ಎಂಬ ಸುರುಳಿಯೊಂದಿರುತ್ತದೆ. ಮೇಲಿನ ಉಕ್ಕಿನ ತಂತಿ ಮಿಡಿದಾಗ ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟಿ, ಕೇಬಲ್ಲಿನ ಮೂಲಕ ಆ್ಯಂಪ್ಲಿಫೈಯರನ್ನು ಸೇರಿ, ಅಲ್ಲಿ ಬಲಗೊಂಡು ಧ್ವನಿಯಾಗುತ್ತದೆ. ಈ ದಾರಿಯ ನಡುವೆ, ವಾದಕನ ಕಾಲಬಳಿ, ನೆಲದ ಮೇಲೆ ಇಟ್ಟ ಸಣ್ಣ ಲೋಹದ ಪೆಟ್ಟಿಗೆಯೇ ಪೆಡಲ್. ಒಂದು ನಾದವನ್ನು ಒರಟಾಗಿಸುತ್ತದೆ, ಮತ್ತೊಂದು ಮಾರ್ದನಿಯನ್ನು ಹುಟ್ಟಿಸುತ್ತದೆ, ಇನ್ನೊಂದು ಅಲೆಯಾಡಿಸುತ್ತದೆ. ಹಾಡಿನುದ್ದಕ್ಕೂ ಈ ಚಮತ್ಕಾರ ಬೇಕಾಗುವುದಿಲ್ಲವಾದ್ದರಿಂದ, ಬೇಡವಾದಾಗ ನಾದವು ಪೆಟ್ಟಿಗೆಯ ಹೊಟ್ಟೆಯನ್ನು ಹೊಗದೆ ಹಾಗೆಯೇ ಮುಂದಕ್ಕೆ ಹೋಗತಕ್ಕ ಬಳಸುದಾರಿಯೊಂದು ಬೇಕು. ಊರನ್ನು ಹೊಗದೆ ಹೊರವಲಯದಲ್ಲಿ ಹಾಯುವ ರಸ್ತೆಗೆ ನಾವು ಬೈಪಾಸ್ ಎನ್ನುತ್ತೇವಷ್ಟೆ. ಇಲ್ಲಿಯೂ ಅದೇ ಶಬ್ದ, ಅದೇ ಅರ್ಥ.

ಇಂಥ ಪೆಟ್ಟಿಗೆಗಳ ಮೂಲವನ್ನು ಅರಸಿಕೊಂಡು ಹೋದರೆ ಅಮೆರಿಕದ ನ್ಯಾಶ್‌ವಿಲ್ ನಗರದ ಒಂದು ಧ್ವನಿಮುದ್ರಣ ಮಂದಿರವನ್ನು ಮುಟ್ಟುತ್ತೇವೆ. ಮಾರ್ಟಿ ರಾಬಿನ್ಸ್ ಎಂಬ ಗಾಯಕನ ‘ಡೋಂಟ್ ವರಿ’ ಎಂಬ ಹಾಡನ್ನು ಮುದ್ರಿಸಿಕೊಳ್ಳುತ್ತಿದ್ದಾಗ, ಯಂತ್ರದೊಳಗಿನ ಟ್ರಾನ್ಸ್‌ಫಾರ್ಮರೊಂದು ಕೆಟ್ಟಿದ್ದ ಕಾರಣ, ಗ್ರೇಡಿ ಮಾರ್ಟಿನ್ ಎಂಬ ವಾದಕನ ಬಾಸ್ ಗಿಟಾರಿನ ಧ್ವನಿ ಗಂಟಲು ಕಟ್ಟಿದವನ ಮಾತಿನಂತೆ ಗೊಗ್ಗರವಾಗಿ ಹೊರಬಿತ್ತು. ತಿದ್ದಿ ತೆಗೆಯಬಹುದಾಗಿದ್ದ ಆ ಧ್ವನಿಯನ್ನು ಹಾಗೆಯೇ ಉಳಿಸಿಕೊಂಡರು. 1961ರಲ್ಲಿ ಹಾಡು ಜನಪ್ರಿಯವಾಯಿತು. ಗ್ಲೆನ್ ಸ್ನಾಡಿ ಎಂಬ ಧ್ವನಿತಂತ್ರಜ್ಞ ಆ ದೋಷವನ್ನೇ ಬುದ್ಧಿಪೂರ್ವಕವಾಗಿ ಹುಟ್ಟಿಸತಕ್ಕ ಸರ್ಕೀಟೊಂದನ್ನು ಟ್ರಾನ್ಸಿಸ್ಟರುಗಳಿಂದ ರಚಿಸಿ ಗಿಬ್ಸನ್ ಸಂಸ್ಥೆಗೆ ಒಪ್ಪಿಸಿದ. 1962ರಲ್ಲಿ ಅದು ಮ್ಯಾಸ್ಟ್ರೋ ಫಜ್-ಟೋನ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಎಂಬ ಹಾಡಿನಲ್ಲಿ ಅದನ್ನು ಬಳಸಿದ ಮೇಲಂತೂ ಒಡಕು ದನಿಗೆ ಜಗತ್ತಿನಾದ್ಯಂತ ಗಿರಾಕಿಗಳು ಹುಟ್ಟಿಕೊಂಡರು. ಕೆಟ್ಟ ಯಂತ್ರವೊಂದರ ಮಗುವಾದ ಈ ಪೆಟ್ಟಿಗೆಯನ್ನು ಹಣ ತೆತ್ತು ತಂದವರೇ, ಅದನ್ನು ಆರಿಸಿಟ್ಟಾಗ ನಾದದ ಪಾವಿತ್ರ್ಯಕ್ಕೆ ಕೂದಲೆಳೆಯಷ್ಟೂ ಭಂಗ ಬರಕೂಡದೆಂದು ವ್ರತ ಹಿಡಿದಿರುವುದನ್ನು ನೆನೆದಾಗ ನನಗೆ ನಗು ಬರುತ್ತದೆ. ಹಾಗೆಂದು ಅವರ ಆತಂಕ ನಿರಾಧಾರವಾದದ್ದೇನೂ ಅಲ್ಲ.

ಆತಂಕಕ್ಕೆ ಆಧಾರ ಒದಗಿದ್ದು ಹಳೆಯ ಕಾಲದ ಮಿತವ್ಯಯದಿಂದ. 1967ರ ಸುಮಾರಿಗೆ ಬಂದ ವಾಹ್ ಪೆಡಲನ್ನೇ ನೋಡಿ: ಪಾದದಿಂದ ಮುಂದಕ್ಕೂ ಹಿಂದಕ್ಕೂ ಒತ್ತಿದರೆ ಗಿಟಾರು ಮಗುವಿನಂತೆ ‘ವಾ ವಾ’ ಎಂದು ಅಳುತ್ತದೆ. ಅದರೊಳಗೆ ಇಟ್ಟಿದ್ದದ್ದು ಒಂದೇ ದಾರಿಯನ್ನು ಬದಲಾಯಿಸಬಲ್ಲ ಅಗ್ಗದ ಸ್ವಿಚ್ಚು. ಅದು ಹೊರಬೀಳುವ ತುದಿಯನ್ನು ಮಾತ್ರ ಅತ್ತಿತ್ತ ಮಾಡುತ್ತಿತ್ತು. ಒಳಹೊಗುವ ತುದಿಯಾದರೋ ಪೆಡಲ್ ಆರಿದ್ದಾಗಲೂ ಸರ್ಕೀಟಿಗೆ ಅಂಟಿಕೊಂಡೇ ಇರುತ್ತಿತ್ತು. ನೀರು ಬೇಡವೆಂದು ಬಿಟ್ಟ ಗದ್ದೆಯ ಮಡೆಯನ್ನು ಮುಚ್ಚದೆ, ಮುಂದಿನ ಗದ್ದೆಗೆ ನೀರು ಸಾಲದೆಂದು ಗೊಣಗುವವನ ಸ್ಥಿತಿ ಅದು. ಆ್ಯಂಪ್ಲಿಫೈಯರಿನ ಬಾಯಿ ಸಾಮಾನ್ಯವಾಗಿ 1 ಮೆಗಾಓಮಿನಷ್ಟು ಎದುರೊತ್ತನ್ನು, ಎಂಜಿನಿಯರುಗಳ ಮಾತಿನಲ್ಲಿ ಇಂಪೀಡೆನ್ಸನ್ನು, ತೋರುವುದರಿಂದ ಪಿಕಪ್ಪಿನಿಂದ ಅದು ಹೆಚ್ಚಾಗಿ ಏನನ್ನೂ ಬೇಡುವುದಿಲ್ಲ; ಹಳೆಯ ವಾಹ್ ಪೆಡಲಿನ ಎದುರೊತ್ತು 100 ಕಿಲೋಓಮ್ ಅಥವಾ ಅದಕ್ಕೂ ಕಡಿಮೆಯಾದ್ದರಿಂದ, ಸುಮ್ಮನೆ ಕುಳಿತಿರುವಾಗಲೂ ಅದು ತನ್ನ ಪಾಲನ್ನು ಕಿತ್ತುಕೊಳ್ಳುತ್ತಿತ್ತು. ಮೊದಲು ಬಲಿಯಾಗುವುದು ಎತ್ತರದ ಸ್ವರಾಂಶಗಳು. ತಂಬೂರಿಯ ಕುದುರೆಯ ಮೇಲಿನ ದಾರವನ್ನು ಸರಿಸಿಬಿಟ್ಟರೆ ಶ್ರುತಿ ತಪ್ಪದಿದ್ದರೂ ಸ್ವಯಂಭೂ ಸ್ವರಗಳು ಮಾಯವಾಗಿ ನಾದ ಮಂಕಾಗುವಂತೆ, ಇಲ್ಲಿಯೂ ಸ್ವರ ಸರಿಯಾಗಿದ್ದು ಕಾಂತಿ ಹೋಗುತ್ತಿತ್ತು. ‘ಟೋನ್ ಹೀರುತ್ತದೆ’ ಎಂಬ ಮಾತು ಹುಟ್ಟಿದ್ದು ಇಲ್ಲಿ, ಮತ್ತು ಇಲ್ಲಿ ಅದು ಅಕ್ಷರಶಃ ನಿಜ.

ಇದಕ್ಕೆ ಪರಿಹಾರ ಸುಲಭವಾದದ್ದೇ. ಒಳಹೊಗುವ ತುದಿಯನ್ನೂ ಹೊರಬೀಳುವ ತುದಿಯನ್ನೂ ಒಂದೇ ಒತ್ತಿಗೆ ಒಟ್ಟಿಗೆ ಹೊರಳಿಸುವ ಜೋಡಿ ಸ್ವಿಚ್ಚನ್ನು ಇಟ್ಟರೆ, ಆರಿದ ಪೆಡಲಿನಲ್ಲಿ ಸರ್ಕೀಟು ಎರಡು ಕಡೆಯಿಂದಲೂ ಕಳಚಿಕೊಂಡು, ಒಳಗಣ ತೂತಿಗೂ ಹೊರಗಣ ತೂತಿಗೂ ನಡುವೆ ಬರಿಯ ತುಂಡು ತಂತಿಯೊಂದು ಉಳಿಯುತ್ತದೆ. ಇದೇ ಟ್ರೂ ಬೈಪಾಸ್; ಇದಕ್ಕಿಂತ ಹೆಚ್ಚಿನ ರಹಸ್ಯವೇನೂ ಅದರಲ್ಲಿ ಅಡಗಿಲ್ಲ. 1966ರಲ್ಲಿ ಲಂಡನ್ನಿನಲ್ಲಿ ತಯಾರಾದ, ಜಿಮಿ ಹೆಂಡ್ರಿಕ್ಸನ ಪಾದದಡಿಯಲ್ಲಿ ಪ್ರಸಿದ್ಧಿ ಪಡೆದ, ತಟ್ಟೆಯಾಕಾರದ ಫಜ್ ಫೇಸಿನಲ್ಲಿ ಇಂಥ ಸ್ವಿಚ್ಚೇ ಇತ್ತು. ಆದರೆ ಆಗ ಅದನ್ನು ಯಾರೂ ‘ಅಪ್ಪಟ’ ಎಂದು ಕರೆದು ಡಂಗುರ ಹೊಡೆದಿರಲಿಲ್ಲ. ಪೆಡಲ್ ಹೊತ್ತಿದೆಯೆಂದು ತೋರಿಸುವ ಪುಟ್ಟ ದೀಪ ಬೇಕೆಂಬ ಆಸೆ ಮುಂದೆ ಹುಟ್ಟಿದಾಗ, ದೀಪಕ್ಕಾಗಿಯೇ ಮೂರನೆಯ ಜೋಡಣೆಯನ್ನೂ ಸೇರಿಸಿದ ಸ್ವಿಚ್ಚು ಬಂತು. ನನ್ನ ಸೋದರಳಿಯ ತಂದ ಒಂಬತ್ತು ಕಾಲಿನ ಸ್ವಿಚ್ಚು ಅದೇ: ಆರು ಕಾಲು ನಾದಕ್ಕೆ, ಮೂರು ಕಾಲು ದೀಪಕ್ಕೆ.

ಜಪಾನಿನವರು ಹಿಡಿದ ಹಾದಿ ಬೇರೆ. ರೋಲೆಂಡ್ ಸಂಸ್ಥೆಯ ‘ಬಾಸ್’ ಎಂಬ ಹೆಸರಿನ ವಿಭಾಗ 1977ರಲ್ಲಿ ಹೊರತಂದ ಪುಟ್ಟ ಪೆಡಲುಗಳಲ್ಲಿಯೂ, ಅದಾದ ಎರಡು ಮೂರು ವರ್ಷಗಳಲ್ಲಿ ಬಂದ ಐಬನೀಸಿನ ಹಸಿರು ಟ್ಯೂಬ್ ಸ್ಕ್ರೀಮರಿನಲ್ಲಿಯೂ ಕಾಲು ಒತ್ತುವ ಸ್ವಿಚ್ಚಿನ ಮೂಲಕ ನಾದ ಹರಿಯುವುದೇ ಇಲ್ಲ. ಪಾದದ ಒತ್ತು ಒಳಗಿನ ಒಂದು ಸಣ್ಣ ಸರ್ಕೀಟಿಗೆ ಸನ್ನೆ ಮಾಡುತ್ತದೆ. ಆ ಸರ್ಕೀಟು ಎಫ್‌ಇಟಿ ಎಂಬ ಟ್ರಾನ್ಸಿಸ್ಟರುಗಳನ್ನು ಬಾಗಿಲಿನಂತೆ ತೆರೆದು ಮುಚ್ಚಿ ನಾದಕ್ಕೆ ದಾರಿ ತೋರುತ್ತದೆ. ಟಕ್ಕೆಂಬ ಸದ್ದಿಲ್ಲ, ಸವೆಯುವ ಸಂಪರ್ಕ ಕಡಮೆ, ಬಾಳಿಕೆ ಹೆಚ್ಚು. ಆದರೆ ಈ ಏರ್ಪಾಟಿನಲ್ಲಿ ಪೆಡಲ್ ಆರಿದ್ದಾಗಲೂ ನಾದವು ಬಫರ್ ಎಂಬ ಎರಡು ಚೌಕಿಗಳನ್ನು ಹಾದೇ ಹೋಗಬೇಕು, ಬಾಗಿಲಲ್ಲಿ ಒಂದು, ಹಿತ್ತಿಲಲ್ಲಿ ಒಂದು. ‘ಅಪ್ಪಟವಲ್ಲದ್ದು’ ಎಂಬ ಅಪವಾದ ಅಂಟಿದ್ದು ಇದಕ್ಕೆ.

ಬಫರ್ ಎಂದರೇನೆಂಬುದನ್ನು ಉತ್ಸವದ ಪಲ್ಲಕ್ಕಿಯ ಉದಾಹರಣೆಯಿಂದ ತಿಳಿಯಬಹುದೆಂದು ನನಗೆ ತೋರುತ್ತದೆ. ಪಲ್ಲಕ್ಕಿ ರಥಬೀದಿಯನ್ನೆಲ್ಲ ಸುತ್ತಿಬರಬೇಕು. ಗುಡಿಯ ಬಾಗಿಲಲ್ಲಿ ಹೊತ್ತವನು ಮೈಯಲ್ಲಿ ಬಲವಿಲ್ಲದ ವೃದ್ಧ. ಅವನಿಂದ ಅದನ್ನು ಇಳಿಸಿಕೊಂಡು ದೃಢಕಾಯನೊಬ್ಬ ಹೆಗಲು ಕೊಟ್ಟರೆ ಒಳಗಿನ ದೇವರು ಬದಲಾಗುವುದಿಲ್ಲ, ಹೊರುವ ಹೆಗಲು ಬದಲಾಗುತ್ತದೆ. ಬಫರ್ ನಾದವನ್ನು ದೊಡ್ಡದು ಮಾಡುವುದಿಲ್ಲ, ಅದಕ್ಕೆ ಬಣ್ಣ ಬಳಿಯುವುದಿಲ್ಲ. ಒಳಮುಖದಲ್ಲಿ 500 ಕಿಲೋಓಮ್, 1 ಮೆಗಾಓಮ್‌ಗಳಷ್ಟು ಎದುರೊತ್ತನ್ನು ತೋರಿ ಪಿಕಪ್ಪಿನಿಂದ ಏನನ್ನೂ ಕೀಳದೆ, ಹೊರಮುಖದಲ್ಲಿ 1 ಕಿಲೋಓಮಿಗಿಂತಲೂ ಕಡಮೆಯಾದ ಎದುರೊತ್ತಿನ ಬಲದಿಂದ ಮುಂದಿನ ಹೊರೆಯನ್ನು ತಾನು ಹೊರುತ್ತದೆ. ಇದಕ್ಕೆ ಬೇಕಾಗುವುದು ಒಂದು ಟ್ರಾನ್ಸಿಸ್ಟರ್, ಕೆಲವು ರೆಸಿಸ್ಟರುಗಳು, ಎರಡು ಕೆಪ್ಯಾಸಿಟರುಗಳು. ಚಹಾ ಕುಡಿಯುವ ಖರ್ಚಿನಲ್ಲಿ ಮುಗಿಯುವ ಕೆಲಸ.

ಆದರೆ ಹೊರೆ ಎಂದರೆ ಯಾವ ಹೊರೆ? ಇಲ್ಲಿಯೇ ಅಪ್ಪಟವಾದಿಗಳ ತರ್ಕ ಎಡವುವುದು. ಅವರು ಪೆಟ್ಟಿಗೆಯೊಳಗಿನ ಪಾಪಗಳನ್ನು ಎಣಿಸುತ್ತಾರೆ, ಪೆಟ್ಟಿಗೆಗಳ ನಡುವಿನ ಕೇಬಲ್ಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಡುವೆ ತಂತಿ, ಸುತ್ತ ಹೆಣೆದ ಕವಚ, ಎರಡರ ಮಧ್ಯೆ ಅವಾಹಕವಿರುವ ಗಿಟಾರ್ ಕೇಬಲ್ಲು ಸ್ವಭಾವತಃ ಒಂದು ಉದ್ದನೆಯ ಕೆಪ್ಯಾಸಿಟರೇ ಆಗಿದೆ. ಪ್ರತಿಯೊಂದು ಮೀಟರಿಗೂ ಸರಿಸುಮಾರು 100 ಪಿಕೋಫ್ಯಾರಡ್ ಧಾರಕತೆ ಅದರಲ್ಲಿರುತ್ತದೆ. ಪಿಕಪ್ಪಿನ ಸುರುಳಿಗೆ ಪ್ರೇರಕತೆಯಿದೆ. ಇವೆರಡೂ ಕೂಡಿದಾಗ, ಉಯ್ಯಾಲೆಗೆ ತನ್ನದೇ ಆದ ತೂಗಾಟದ ಲಯವಿರುವಂತೆ, ಒಂದು ಅನುರಣನದ ಕಂಪನಾಂಕ ಹುಟ್ಟುತ್ತದೆ. ಅದರ ಹತ್ತಿರದ ಸ್ವರಾಂಶಗಳು ಮೆರೆಯುತ್ತವೆ, ಅದರ ಮೇಲಿನವು ಬೇಗಬೇಗನೆ ಕರಗಿಹೋಗುತ್ತವೆ. ಒಂದೊಂದು ಗಿಟಾರಿನ ಕಂಠಸ್ವರವೆಂದು ನಾವು ಕರೆಯುವುದರಲ್ಲಿ ಬಹುಪಾಲು ಈ ಶಿಖರ ಎಲ್ಲಿ ನಿಂತಿದೆ ಎಂಬುದೇ.

ಲೆಕ್ಕ ಹಾಕಿ ನೋಡೋಣ. ಒಂಟಿ ಸುರುಳಿಯ ಪಿಕಪ್ಪಿನ ಪ್ರೇರಕತೆ 2.5 ಹೆನ್ರಿ ಎಂದೂ, ಸುರುಳಿಯ ಸ್ವಂತ ಧಾರಕತೆ 100 ಪಿಕೋಫ್ಯಾರಡ್ ಎಂದೂ ಇಟ್ಟುಕೊಳ್ಳಿ. 3 ಮೀಟರ್ ಕೇಬಲ್ಲಿನಿಂದ ನೇರವಾಗಿ ಆ್ಯಂಪ್ಲಿಫೈಯರಿಗೆ ಜೋಡಿಸಿದರೆ ಒಟ್ಟು ಧಾರಕತೆ 400. ಶಿಖರ 5,000 ಹರ್ಟ್ಸ್ ಬಳಿ ನಿಲ್ಲುತ್ತದೆ. ಈಗ ನನ್ನ ಸೋದರಳಿಯನ ಏರ್ಪಾಟನ್ನು ನೋಡಿ: ಗಿಟಾರಿನಿಂದ ಪೆಡಲುಗಳವರೆಗೆ 6 ಮೀಟರ್, ಅಲ್ಲಿಂದ ಆ್ಯಂಪ್ಲಿಫೈಯರಿಗೆ 6 ಮೀಟರ್, ಎಂಟು ಪೆಟ್ಟಿಗೆಗಳನ್ನು ಪೋಣಿಸುವ ತುಂಡು ಕೇಬಲ್ಲುಗಳು ಮತ್ತು ಒಳಗಿನ ತಂತಿಗಳು, ಕೂಡಿದರೆ 15 ಮೀಟರಿಗೆ ಹತ್ತಿರ. ಧಾರಕತೆ 1,600ಕ್ಕೆ ಏರಿತು, ಎಂದರೆ ನಾಲ್ಕು ಪಟ್ಟು. ಶಿಖರ ಅರ್ಧಕ್ಕೆ, 2,500 ಹರ್ಟ್ಸಿಗೆ ಇಳಿಯಿತು. ಎಂಟೂ ಪೆಡಲುಗಳು ಅಪ್ಪಟ ಬೈಪಾಸಿನವೇ ಆಗಿದ್ದು ಎಂಟೂ ಆರಿದ್ದರೆ, ಆ ಬಡ ಪಿಕಪ್ಪು ಹದಿನೈದು ಮೀಟರನ್ನೂ ತಾನೊಂದೇ ಹೊರಬೇಕು. ವೃದ್ಧನ ಹೆಗಲ ಮೇಲೆ ಪಲ್ಲಕ್ಕಿಯನ್ನಿಟ್ಟು ರಥಬೀದಿಯನ್ನು ಸುತ್ತಿಸಿದಂತೆ. ಮಂಕಾದ ನಾದಕ್ಕೆ ಬೈಪಾಸು ಅಪ್ಪಟವಲ್ಲದಿರುವುದು ಕಾರಣವೆಂದು ತಿಳಿದವನು, ಇನ್ನಷ್ಟು ಅಪ್ಪಟ ಸ್ವಿಚ್ಚುಗಳನ್ನು ಹಾಕಿಸಿಕೊಂಡು ಅದನ್ನು ಇನ್ನಷ್ಟು ಮಂಕು ಮಾಡಿಕೊಳ್ಳುತ್ತಾನೆ. ಈ ಮೋಹದ ಪರಮ ವಿಡಂಬನೆ ಇದೇ.

ಅದಕ್ಕಿಂತಲೂ ಕಿರಿಕಿರಿಯ ಸಂಗತಿ ಮತ್ತೊಂದುಂಟು. ಸಾಲಿನ ನಡುವಿನ ಯಾವುದಾದರೊಂದು ಪೆಡಲನ್ನು ಹೊತ್ತಿಸಿದೊಡನೆ ಅದರ ಸರ್ಕೀಟೇ ಮುಂದಿನ ಕೇಬಲ್ಲಿನ ಹೊರೆಯನ್ನು ಹೊತ್ತುಕೊಂಡುಬಿಡುತ್ತದೆ. ಆರಿಸಿದೊಡನೆ ಹೊರೆ ಮತ್ತೆ ಪಿಕಪ್ಪಿನ ಮೇಲೆ ಬೀಳುತ್ತದೆ. ಆದಕಾರಣ ಒಂದು ಪೆಡಲನ್ನು ಒತ್ತಿದಾಗಲೆಲ್ಲ ಗಿಟಾರಿನ ಮೂಲಸ್ವರವೂ ಹೊಳಪಿನಿಂದ ಮಂಕಿಗೆ, ಮಂಕಿನಿಂದ ಹೊಳಪಿಗೆ ತೂಗಾಡುತ್ತದೆ. ವಾದಕನಾದರೋ ‘ಈ ಪೆಡಲ್ ಹೊತ್ತಿಸಿದರೆ ನಾದಕ್ಕೆ ಜೀವ ಬರುತ್ತದೆ’ ಎಂದು ಅದನ್ನು ಕೊಂಡಾಡುತ್ತಾನೆ. ಜೀವವನ್ನು ತೆಗೆದದ್ದು ಯಾರೆಂಬ ಪ್ರಶ್ನೆ ಅವನಿಗೆ ಹೊಳೆಯುವುದಿಲ್ಲ.

ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರನಿಗೆ ಪೆಡಲುಗಳ ಹಲಗೆಗಳನ್ನು ಕಟ್ಟಿಕೊಟ್ಟ ಇಂಗ್ಲೆಂಡಿನ ಪೀಟ್ ಕಾರ್ನಿಷ್, ಅಪ್ಪಟ ಬೈಪಾಸಿನ ವಿರುದ್ಧ ಬಹಿರಂಗವಾಗಿ ವಾದಿಸುತ್ತ ಬಂದದ್ದು ಇದೇ ಕಾರಣದಿಂದ. ದೊಡ್ಡ ರಂಗಮಂದಿರಗಳಲ್ಲಿ ನುಡಿಸುವವರ ಕೇಬಲ್ಲುಗಳ ಉದ್ದವನ್ನು ಬಲ್ಲ ಆತ, ತಾನು ಕಟ್ಟಿದ ಏರ್ಪಾಟುಗಳಲ್ಲಿ ಬಫರನ್ನು ಬಿಡದೆ ಬಳಸಿದ. ಇನ್ನೊಂದು ನಿದರ್ಶನ: 1994ರಲ್ಲಿ ಬಿಲ್ ಫಿನ್ನೆಗನ್ ಎಂಬಾತ ಹೊರತಂದ ಕ್ಲೋನ್ ಸೆಂಟಾರ್ ಎಂಬ ಪೆಡಲಿನ ಹಳೆಯ ಪ್ರತಿಯೊಂದು ಕೈ ಬದಲಾಗುವಾಗ ಇಂದು ಸಾವಿರಾರು ಡಾಲರುಗಳನ್ನು ಸುರಿಯುವವರಿದ್ದಾರೆ. ಅದರಲ್ಲಿರುವುದು ಬಫರ್ ಬೈಪಾಸು. ಆರು ತಿಂಗಳ ಸಂಬಳ ತೆತ್ತಾದರೂ ಅದನ್ನು ಕೊಳ್ಳಬೇಕೆಂದು ಕನಸು ಕಾಣುವವನೇ, ಆರು ಸಾವಿರ ರೂಪಾಯಿಯ ಪೆಡಲನ್ನು ಮಾತ್ರ ಅಪ್ಪಟವಲ್ಲವೆಂದು ತಿರಸ್ಕರಿಸುತ್ತಾನೆ.

ಮಾರ್ದನಿಯ ಪೆಡಲುಗಳ ವಿಷಯದಲ್ಲಂತೂ ಅಪ್ಪಟತನ ಸಂಗೀತದ ಕಿವಿಗೇ ವಿರೋಧ. ಆರಿಸಿದ ಕ್ಷಣದಲ್ಲಿ ಸರ್ಕೀಟನ್ನು ಎರಡು ತುದಿಯಲ್ಲಿಯೂ ಕತ್ತರಿಸಿಬಿಟ್ಟರೆ, ಇನ್ನೂ ಮರುಕಳಿಸುತ್ತಿದ್ದ ದನಿ ಕೈಯಿಂದ ಅದುಮಿದ ಗುಡಿಯ ಗಂಟೆಯಂತೆ ಥಟ್ಟನೆ ಸಾಯುತ್ತದೆ. ಅದು ತಾನಾಗಿ ಕ್ಷೀಣಿಸಿ ಮುಗಿಯಬೇಕಾದರೆ ಹೊರಬಾಗಿಲು ತೆರೆದೇ ಇರಬೇಕು. ಇನ್ನು ಸ್ವಿಚ್ಚು ಒತ್ತಿದಾಗ ಧ್ವನಿವರ್ಧಕದಲ್ಲಿ ಕೇಳಿಬರುವ ‘ಟಪ್’ ಎಂಬ ಸಿಡಿತ. ಕೆಪ್ಯಾಸಿಟರುಗಳಿಂದ ಮೆಲ್ಲಗೆ ಸೋರಿ, ಕಳಚಿದ ತುದಿಯಲ್ಲಿ ಶೇಖರವಾಗಿದ್ದ ವಿದ್ಯುತ್ತು ಒಮ್ಮೆಲೇ ಬಿಡುಗಡೆಯಾಗುವುದರಿಂದ ಅದು ಹುಟ್ಟುತ್ತದೆ. ಆ ತುದಿಯಿಂದ ನೆಲಕ್ಕೆ 1 ಮೆಗಾಓಮಿನ ಒಂದು ರೆಸಿಸ್ಟರನ್ನು ಬೆಸೆದರೆ ಬಹುಮಟ್ಟಿಗೆ ಅಡಗುತ್ತದೆ. ಇದು ಗುಣವಾಗುವ ಕಾಯಿಲೆಯಾದ್ದರಿಂದ ಇದರ ಮೇಲೆ ನಾನು ಹೆಚ್ಚು ದೋಷವನ್ನು ಹೊರಿಸುವುದಿಲ್ಲ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ನಾನು ಬಫರಿನ ಪುರೋಹಿತನಾದೆನೆಂದು ಯಾರೂ ಭಾವಿಸಬಾರದು. ಹತ್ತು ಹೆಜ್ಜೆಗೊಮ್ಮೆ ಹೆಗಲು ಬದಲಾಯಿಸಿದರೆ ಪಲ್ಲಕ್ಕಿ ಕುಲುಕುತ್ತದೆ. ಹತ್ತು ಬಫರ್ ಪೆಡಲುಗಳನ್ನು ಸಾಲಾಗಿಟ್ಟರೆ ನಾದವು ಇಪ್ಪತ್ತು ಚೌಕಿಗಳನ್ನು ಹಾಯಬೇಕು. ಒಂದೊಂದೂ ಎಳ್ಳಿನಷ್ಟು ಗದ್ದಲವನ್ನು ಕೂಡಿಸಿ, ಎಳ್ಳಿನಷ್ಟು ಬಲವನ್ನು ಕಳೆದರೆ ಕೊನೆಗೆ ಅದು ಕಿವಿಗೆ ಬೀಳುತ್ತದೆ. ಫಜ್ ಫೇಸಿನಂಥ ಹಳೆಯ ಪೆಡಲುಗಳ ಮುಂದೆಯಂತೂ ಬಫರ್ ಇರಲೇಬಾರದು. ಅದರ ಒಳಮುಖದ ಎದುರೊತ್ತು ಬಹಳ ಕಡಮೆಯಾದ್ದರಿಂದ ಪಿಕಪ್ಪಿನ ಸುರುಳಿಯೂ ಗಿಟಾರಿನ ವಾಲ್ಯೂಮ್ ಗುಂಡಿಯೂ ಆ ಸರ್ಕೀಟಿನ ಅಂಗಗಳಂತೆಯೇ ವರ್ತಿಸುತ್ತವೆ; ಗುಂಡಿಯನ್ನು ಸ್ವಲ್ಪ ತಗ್ಗಿಸಿದರೆ ಗರ್ಜನೆ ಇಳಿದು ನಾದ ತಿಳಿಯಾಗುವ ಸೊಗಸು ಬರುವುದು ಈ ಸಂಬಂಧದಿಂದ. ನಡುವೆ ಬಫರನ್ನು ತುರುಕಿದರೆ ಆ ಸಂಬಂಧ ಕಡಿದು, ದನಿ ಕರ್ಕಶವಾಗಿ, ಗುಂಡಿ ನಿಷ್ಪ್ರಯೋಜಕವಾಗುತ್ತದೆ. ಮನೆಯಲ್ಲಿ ಎರಡೇ ಪೆಡಲು, ಗಿಡ್ಡ ಕೇಬಲ್ಲು ಇಟ್ಟುಕೊಂಡು ನುಡಿಸುವವನಿಗೂ ಬಫರಿನ ಹಂಗಿಲ್ಲ.

ಬಫರಿಗೆ ಮತ್ತೊಂದು ಬಲಹೀನತೆಯುಂಟು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಇದೇ ಹುಡುಗ ನುಡಿಸುತ್ತಿದ್ದಾಗ ಹಾಡಿನ ನಟ್ಟನಡುವೆ ಗಿಟಾರು ಮೂಕವಾಯಿತು. ಗಾಯಕ ಹಾಡುತ್ತಲೇ ಇದ್ದಾನೆ, ಡ್ರಮ್ಮಿನವನು ಬಡಿಯುತ್ತಲೇ ಇದ್ದಾನೆ, ಇವನು ಮಂಡಿಯೂರಿ ಒಂದೊಂದೇ ಕೇಬಲ್ಲನ್ನು ಕಿತ್ತು ಚುಚ್ಚುತ್ತಿದ್ದಾನೆ. ಆಮೇಲೆ ತಿಳಿದದ್ದು, ಶ್ರುತಿ ನೋಡುವ ಪೆಡಲಿನೊಳಗಿನ 9 ವೋಲ್ಟಿನ ಬ್ಯಾಟರಿ ಮುಗಿದಿತ್ತು. ಬಫರಿಗೆ ವಿದ್ಯುತ್ತಿಲ್ಲದಿದ್ದರೆ ದಾರಿಯೇ ಇಲ್ಲ; ಲೋಹದ ಸ್ವಿಚ್ಚಾಗಿದ್ದರೆ ಬ್ಯಾಟರಿ ಸತ್ತರೂ ಬಳಸುದಾರಿ ತೆರೆದಿರುತ್ತಿತ್ತು. ಅಪ್ಪಟ ಬೈಪಾಸಿನ ಪರವಾಗಿ ಹೇಳತಕ್ಕ ವಾದಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ಈಚಿನ ಕೆಲವು ಪೆಡಲುಗಳಲ್ಲಿ ಸ್ವಿಚ್ಚಿನ ಕೆಲಸವನ್ನು ರಿಲೇಗೆ ಒಪ್ಪಿಸಿ, ವಿದ್ಯುತ್ತು ಹೋದರೆ ಅದು ತಾನಾಗಿ ಬಳಸುದಾರಿಗೆ ಬೀಳುವಂತೆ ಮಾಡಿರುವುದೂ, ಬಫರ್ ಬೇಕೇ ಬೇಡವೇ ಎಂಬುದನ್ನು ಕೊಂಡವನ ಇಚ್ಛೆಗೇ ಬಿಟ್ಟಿರುವುದೂ ಉಂಟು. ಅವು ಜಾಣತನದ ಏರ್ಪಾಟುಗಳು.

ಇದು ಗಿಟಾರಿನ ಹುಡುಗರ ತಂಟೆಯೆಂದು ನಮ್ಮ ಸಂಗೀತದವರು ದೂರ ಸರಿಯಬೇಕಾದ್ದಿಲ್ಲ. ವೀಣೆಗೆ ಕಾಂಟ್ಯಾಕ್ಟ್ ಮೈಕ್ ಅಂಟಿಸಿ ನುಡಿಸುವುದು ಈಗ ಸಭೆಗಳಲ್ಲಿ ಸರ್ವೇಸಾಮಾನ್ಯ. ಪೀಜೋ ಹರಳಿನ ಆ ಮೈಕು ಸ್ವಭಾವದಲ್ಲಿ ಪಿಕಪ್ಪಿಗೆ ನೇರ ವಿರುದ್ಧ: ತಪ್ಪು ಹೊರೆ ಬಿದ್ದಾಗ ಪಿಕಪ್ಪು ಮೇಲಿನ ಸ್ವರಾಂಶವನ್ನು ಕಳೆದುಕೊಂಡರೆ ಇದು ಕೆಳಗಿನದನ್ನು ಕಳೆದುಕೊಳ್ಳುತ್ತದೆ. 1,000 ಪಿಕೋಫ್ಯಾರಡಿನ ಹರಳೊಂದನ್ನು 10 ಕಿಲೋಓಮಿನ ಮಿಕ್ಸರಿಗೆ ನೇರವಾಗಿ ಚುಚ್ಚಿದರೆ 16,000 ಹರ್ಟ್ಸಿನ ಕೆಳಗಿನದೆಲ್ಲವೂ ಇಳಿಯತೊಡಗುತ್ತದೆ, ಎಂದರೆ ಸಂಗೀತವೆಂಬುದೆಲ್ಲವೂ. 1 ಮೆಗಾಓಮಿನ ಬಫರನ್ನು ನಡುವೆ ಇಟ್ಟರೆ ಆ ಗೆರೆ 160ಕ್ಕೂ, 10 ಮೆಗಾಓಮಿನದನ್ನು ಇಟ್ಟರೆ 16ಕ್ಕೂ ಸರಿದು, ಮಂದ್ರಸ್ಥಾಯಿ ತನ್ನ ಮೈಯನ್ನು ಪಡೆಯುತ್ತದೆ. ಸಭೆಯಲ್ಲಿ ವೀಣೆ ತಗಡಿನಂತೆ ಕೇಳಿಸಿತೆಂದು ವೈಣಿಕರನ್ನೋ ವೀಣೆಯನ್ನೋ ದೂರುವ ಮುನ್ನ, ನಡುವೆ ಒಂದು ಟ್ರಾನ್ಸಿಸ್ಟರ್ ಇತ್ತೇ ಎಂದು ವಿಚಾರಿಸುವುದು ಮೇಲು.

ಸೋದರಳಿಯನ ಪೆಡಲುಗಳಿಗೆ ಮರಳೋಣ. ಅವನು ಮುಂದಿಟ್ಟ ನಾಲ್ಕನ್ನೂ ತಿರುಪು ಬಿಚ್ಚಿ ನೋಡಿದೆ. ಒಂದು ಹಳೆಯ ವಾಹ್. ಒಂಟಿ ಸ್ವಿಚ್ಚಿನದು, ಮೇಲೆ ಹೇಳಿದ ಕಳ್ಳಮಡೆಯ ಜಾತಿಯದು. ಅದಕ್ಕೆ ಮರುಮಾತಿಲ್ಲದೆ ಹೊಸ ಸ್ವಿಚ್ಚನ್ನು ಬೆಸೆದೆ. ಉಳಿದ ಮೂರು ಒಳ್ಳೆಯ ಬಫರಿನವು. ಅವುಗಳ ಮೈ ಮುಟ್ಟಲು ನಾನು ಒಪ್ಪಲಿಲ್ಲ. ಬದಲಾಗಿ ಎಂಟರಲ್ಲಿದ್ದ ಫಜ್ ಪೆಡಲನ್ನು ಗಿಟಾರಿನ ಬೆನ್ನಿಗೇ ಮೊದಲಿಗೆ ಇರಿಸಿ, ಆ ಮೂರರಲ್ಲಿ ಒಂದನ್ನು ಅದರ ಹಿಂದೆಯೇ ತಂದು, ಮತ್ತೊಂದನ್ನು ಸಾಲಿನ ಕೊನೆಗೆ ಒಯ್ದೆ. ಆಮೇಲೆ ಒಂದು ಪರೀಕ್ಷೆ. ಎಲ್ಲ ಪೆಡಲುಗಳನ್ನೂ ಆರಿಸಿ ಒಮ್ಮೆ ನುಡಿಸು, ಗಿಟಾರನ್ನು 3 ಮೀಟರ್ ಕೇಬಲ್ಲಿನಿಂದ ನೇರವಾಗಿ ಆ್ಯಂಪ್ಲಿಫೈಯರಿಗೆ ಚುಚ್ಚಿ ಇನ್ನೊಮ್ಮೆ ನುಡಿಸು ಎಂದೆ. ಅವನ ಗೆಳೆಯ ಬೆನ್ನು ತಿರುಗಿಸಿ ಕುಳಿತು ಕೇಳಿದ. ಐದು ಸಲದಲ್ಲಿ ಅವನು ಎರಡು ಸಲ ಸರಿಯಾಗಿ ಊಹಿಸಿದ. ಮೂರು ಸಲ ತಪ್ಪಿದ್ದಕ್ಕೆ ಅವನಿಗೆ ಆದ ಬೇಸರಕ್ಕಿಂತ, ಸೋದರಳಿಯನಿಗೆ ಆದ ನಿರಾಶೆಯೇ ಹೆಚ್ಚು. “ಆದರೂ ಮಾವ, ಟ್ರೂ ಬೈಪಾಸ್ ಅಂತ ಹೇಳ್ಕೊಳ್ಳೋಕೆ ಆಗಲ್ಲವಲ್ಲ” ಎಂದನು. ಆ ಮಾತಿಗೆ ನನ್ನಲ್ಲಿ ಯಾವ ಬೆಸುಗೆಯೂ ಇರಲಿಲ್ಲ.

ಪೆಡಲುಗಳನ್ನು ತಯಾರಿಸತಕ್ಕವರಲ್ಲಿಯೂ ಮಾರತಕ್ಕವರಲ್ಲಿಯೂ ನನ್ನದೊಂದು ವಿಜ್ಞಾಪನೆ. ಡಬ್ಬದ ಮೇಲೆ ವಿಶೇಷಣವನ್ನು ಅಚ್ಚು ಹಾಕುವ ಜಾಗದಲ್ಲಿ ಎರಡು ಸಂಖ್ಯೆಗಳನ್ನು ಅಚ್ಚು ಹಾಕಿರಿ: ಪೆಡಲ್ ಆರಿದ್ದಾಗ ಒಳಮುಖದ ಎದುರೊತ್ತು ಎಷ್ಟು, ಹೊರಮುಖದ್ದು ಎಷ್ಟು. ವಿದ್ಯುತ್ತು ಹೋದರೆ ನಾದ ಹಾಯುತ್ತದೆಯೇ ಇಲ್ಲವೇ ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಿರಿ. ಕೊಳ್ಳುವವನು ತನ್ನ ಕೇಬಲ್ಲುಗಳನ್ನು ಅಳೆದು, ತನಗೆ ಯಾವುದು ಬೇಕೆಂಬುದನ್ನು ತಾನೇ ನಿಶ್ಚಯಿಸಿಕೊಳ್ಳುತ್ತಾನೆ. ಅಂದ ಹಾಗೆ, ಒಂಬತ್ತು ಕಾಲಿನ ಮೂರು ಹೊಸ ಸ್ವಿಚ್ಚುಗಳು ನನ್ನ ಮೇಜಿನ ಖಾನೆಯಲ್ಲಿ ಉಳಿದಿವೆ. ಹಳೆಯ ವಾಹ್ ಪೆಡಲ್ ಇರತಕ್ಕವರು ಯಾರಾದರೂ ಬಂದು ಒಯ್ಯಬಹುದು.